ನಿಂಬೆಹಣ್ಣು ಇಡುವ ಪಾರ್ವತಮ್ಮ

ನನ್ನ ದೊಡ್ಡಮ್ಮ ಪಾರ್ವತಮ್ಮನಿಗೆ ಐವತ್ತೊಂದು ವರ್ಷ. ಗವಿಪುರದ ನಮ್ಮ ಬೀದಿಯ ಗುಡಿಯ ಮುಂದೆ ಹೂ ಮಾರುತ್ತಾರೆ. ಹೊಸ ಗಾಡಿಗಳು ಪೂಜೆಗೆ ಬಂದಾಗ ಹಾರ ಹಾಕುವುದು, ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವುದು ಅವರದೇ ಕೆಲಸ. ಪೂಜೆ ಮುಗಿದ ಮೇಲೆ ಗಾಡಿ ಹಣ್ಣುಗಳ ಮೇಲೆ ಹತ್ತಿ ಮುಂದಕ್ಕೆ ಹೋಗುತ್ತದೆ. ಅದು ತಿರುವಿನಲ್ಲಿ ಮರೆಯಾಗುವವರೆಗೂ ದೊಡ್ಡಮ್ಮ ನೋಡುತ್ತಾರೆ, ಆಮೇಲೆ ಸಿಪ್ಪೆ ಗುಡಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೀಗೇ.

ಹೋದ ತಿಂಗಳು, ತಲೆಯೆಲ್ಲ ಬೆಳ್ಳಗಾದ ಒಬ್ಬ ಹೆಂಗಸು ತಾವೇ ಕಾರು ಓಡಿಸಿಕೊಂಡು ಬಂದು ಪೂಜೆ ಮಾಡಿಸಿದರು. ಆ ದಿನ ದೊಡ್ಡಮ್ಮ ಸಿಪ್ಪೆ ಗುಡಿಸುವುದನ್ನೇ ಮರೆತರು. ಸಂಜೆ ಹೂ ಕಟ್ಟುತ್ತಾ, ತಲೆ ಎತ್ತದೆ ನನ್ನನ್ನು ಕೇಳಿದರು.

"ಡ್ರೈವಿಂಗ್ ಕಲಿಸೋ ಕಡೆ ನನ್ನಂಥೋರ್ನ ಸೇರಿಸ್ಕೋತಾರೇನೇ?"

ಕರೆಂಟ್ ಕಂಬದ ಮೇಲಿನ ಚೀಟಿ ನೋಡಿ, ಎನ್.ಆರ್. ಕಾಲೋನಿಯ ಒಂದು ಡ್ರೈವಿಂಗ್ ಸ್ಕೂಲಿನ ನಂಬರು ಬರೆದುಕೊಂಡೆ. ಫೋನ್ ಮಾಡಲು ನಮ್ಮಿಬ್ಬರಿಗೂ ಸಂಕೋಚ. ಮೂರು ದಿನ ಬಿಟ್ಟು ನೇರವಾಗಿ ಹೋದೆವು. ದೊಡ್ಡಮ್ಮ ಆಧಾರ್ ಕಾರ್ಡನ್ನೂ ಎರಡು ಫೋಟೋಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು.

ಸ್ಕೂಲು ನಡೆಸುವ ಮುತ್ತುರಾಜ್ ನನ್ನ ಕಡೆ ನೋಡಿ, ಹುಡುಗಿಗೆ ಹದಿನೆಂಟು ತುಂಬಿದೆಯಾ ಎಂದು ಕೇಳಿದರು. ಕಲಿಯುವವಳು ತಾನು ಎನ್ನಲು ದೊಡ್ಡಮ್ಮನಿಗೆ ಬಾಯಿ ಬರಲಿಲ್ಲ. ಇನ್ನೂ ಒಂದು ವರ್ಷ ಇದೆ ಎಂದುಬಿಟ್ಟರು. ಹಾಗಾದರೆ ಮುಂದಿನ ವರ್ಷ ಬನ್ನಿ ಎಂದು ಅವರು ಪುಸ್ತಕ ಮುಚ್ಚಿದರು. ದೊಡ್ಡಮ್ಮ ಕವರು ಎತ್ತಿಕೊಂಡು ಎದ್ದೇಬಿಟ್ಟರು. ಬಾಗಿಲ ತನಕ ಹೋಗಿದ್ದೆವು. ನಾನು ನಿಂತೆ.

"ನನಗಲ್ಲ ಸಾರ್. ಇವರಿಗೆ."

ಮುತ್ತುರಾಜ್ ನಗಲಿಲ್ಲ. ಮೊದಲು ಎಲ್‌.ಎಲ್. ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಬೇಕು, ಅದು ಬಂದ ಮೇಲೆ ಕ್ಲಾಸು ಎಂದು ವಿವರಿಸಿದರು. ಕ್ಲಚ್ಚಿಗೆ ಕಾಲು ಎಟಕುತ್ತದೋ ನೋಡೋಣ ಎಂದು ಹೊರಗೆ ನಿಂತಿದ್ದ ಕಾರಿನ ಬಾಗಿಲು ತೆಗೆದರು. ದೊಡ್ಡಮ್ಮ ಫುಟ್‌ಪಾತಿನ ಮೇಲೆ ಚಪ್ಪಲಿ ಬಿಟ್ಟರು.

"ಹಾಕ್ಕೊಂಡೇ ಕೂತ್ಕೊಳಿ ಅಮ್ಮ, ದೇವಸ್ಥಾನ ಅಲ್ಲ ಇದು."

"ಪೂಜೆ ಆಗಿರೋ ಗಾಡಿ ತಾನೆ," ಎಂದು ಬರಿಗಾಲಲ್ಲೇ ಹತ್ತಿದರು.

ಕಾಲು ಎಟಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದು, ಬೆನ್ನಿಗೆ ಒಂದು ದಿಂಬು ಕೊಟ್ಟ ಮೇಲೆ ಪಾದ ಕ್ಲಚ್ಚನ್ನು ಮುಟ್ಟಿತು. ಸಾಕು, ಇಳಿದು ಬನ್ನಿ, ಹೆಸರು ಬರೆದುಕೊಳ್ಳುತ್ತೇನೆ ಎಂದರು ಮುತ್ತುರಾಜ್.

"ಒಂಚೂರು ಹೊತ್ತು ಕೂತಿರ್ಲಾ ಸಾರ್?"

ಎಂಜಿನ್ ಆನ್ ಆಗಿರಲಿಲ್ಲ. ಚಕ್ರದ ಕೆಳಗೆ ಹಣ್ಣೂ ಇರಲಿಲ್ಲ. ದೊಡ್ಡಮ್ಮ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಬಿಸಿಲು ಬಂದಿತ್ತು. ನಾನು ಅವರ ಚಪ್ಪಲಿಗಳನ್ನು ನೆರಳಿಗೆ ಎತ್ತಿಟ್ಟೆ.