ಆಯಿಲ್ ಕೂಲರಿಗೊಂದು ಕೊಪ್ಪೆ

ಯಸಳೂರಿನಲ್ಲಿ ಗುಂಡಯ್ಯನ ಗ್ಯಾರೇಜು ಎಲ್ಲಿ ಅಂತ ಕೇಳಿದರೆ ಯಾರೂ ಬೋರ್ಡು ತೋರಿಸುವುದಿಲ್ಲ, ಯಾಕೆಂದರೆ ಬೋರ್ಡೇ ಇಲ್ಲ. ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಕೆಳಗೆ ಒಂದು ತಗಡಿನ ಮಾಡು, ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ, ಆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಐವತ್ತೈದರ ಒಬ್ಬ ಸಣಕಲ. ಅವನೇ ಗುಂಡಯ್ಯ. ಸಕಲೇಶಪುರದ ಲಾನ್ಸಿ ಮೇಸ್ತ್ರಿ ಹತ್ತಿರ ಕೆಲಸ ಕಲಿತು ಬಂದವನು ಮೂವತ್ತು ವರ್ಷದಿಂದ ಅಲ್ಲೇ ಹಾಗೇ ಕೂತಿದ್ದಾನೆ.

ಅವನಿಗೆ ಎರಡು ಚಾಳಿ. ಒಂದು, ಗಾಡಿ ಬಂದ ಕೂಡಲೇ ಜ್ವರದ ಮಗುವಿನ ಹಣೆ ಮುಟ್ಟುವಂತೆ ಕೈಯ ಹಿಂಬದಿಯಿಂದ ಇಂಜಿನ್ನು ಮುಟ್ಟಿ ನೋಡುವುದು. ಇನ್ನೊಂದು, "ಆಗಲ್ಲ" ಅನ್ನದೇ ಇರುವುದು. ಎಂಥ ಗುಜರಿಯನ್ನು ತಂದು ನಿಲ್ಲಿಸಿದರೂ "ನೋಡಾಣ ಬುಡಿ" ಅನ್ನುತ್ತಾನೆ. ಹಾಗಂದನೋ ಮುಗೀತು, ಆ ಗಾಡಿ ಸರಿಯಾಗುವ ತನಕ ಅವನಿಗೆ ಊಟದ ನೆನಪಿರುವುದಿಲ್ಲ. ಹೆಂಡತಿ ನೇತ್ರಾವತಿ ಬುತ್ತಿ ತಂದು ಪಕ್ಕದಲ್ಲಿಟ್ಟು, "ಇದ್ನೂ ಬಿಚ್ಚಿ ನೋಡಿ, ಒಳಗೆ ಅನ್ನ ಐತೆ" ಅಂತ ಚುಚ್ಚಿ ಹೋಗುತ್ತಾಳೆ. ಅವನು ತಲೆ ಎತ್ತುವುದಿಲ್ಲ.

ಇಂಥವನ ಕೈಯಲ್ಲಿ ಆಗದೇ ಹೋದ ಒಂದೇ ಒಂದು ಗಾಡಿಯ ಕತೆ ಇದು. ಹೇಳುವುದಕ್ಕೆ ನನಗೇನೂ ಖುಷಿಯಿಲ್ಲ.

ವನಗೂರು ಕಡೆಯ ಏರಿನ ಮೇಲೆ ಕರಿಯಪ್ಪ ಅಂತ ಒಬ್ಬನಿದ್ದಾನೆ, ಎರಡೆಕರೆ ಕಾಫಿ. ಅವನ ಹೆಂಡತಿ ಬೆಟ್ಟಮ್ಮ. ಈ ಬೆಟ್ಟಮ್ಮ ಒಂದು ಕಾಲದಲ್ಲಿ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದಾಗ ಅವಳ ಬಾಯಿಗೆ ಹೆದರಿ ರೈಟರು ಕೂಲಿ ಲೆಕ್ಕ ತಪ್ಪಿಸುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ತೋಟದ ನೆರಳುಮರ ಸವರುವ ಮರಗಸಿ ಮಾಡುವಾಗ ಮೇಲಿಂದ ಕಡಿದ ಕೊಂಬೆ ಎಲ್ಲೋ ಬೀಳಬೇಕಾದದ್ದು ಇವಳ ಬೆನ್ನ ಮೇಲೆ ಬಿತ್ತು. ಜೀವ ಉಳಿಯಿತು, ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಕೈ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ, ಆದರೆ ಕಾಲಲ್ಲಿ ಜೀವ ಇಲ್ಲ. ಜೀಪಿಗೆ ಎತ್ತಿ ಹಾಕಿದರೆ ಪ್ರಾಣ ಹೋಗುವಂಥ ನೋವು. ಆ ಕೊರಕಲು ದಾರಿಗೆ ಆಟೋದವರು ಬರುವುದಿಲ್ಲ. ಹೀಗಾಗಿ ಐದು ವರ್ಷ ಅವಳು ಕಂಡದ್ದು ಒಂದು ಕಿಟಕಿ, ಕಿಟಕಿಯಾಚೆ ಒಂದು ಸೀಬೆ ಮರ.

"ಗುಂಡಣ್ಣ, ಅವಳು ಮಾತಾಡೋದ್ನೇ ನಿಲ್ಲಿಸ್ಬುಟ್ಟವ್ಳೆ ಕಣೋ" ಅಂತ ಕರಿಯಪ್ಪ ಬಂದು ಅತ್ತಿದ್ದು ಆಗಲೇ. ಬೆಟ್ಟಮ್ಮ ಮಾತು ನಿಲ್ಲಿಸಿದಳು ಅಂದರೆ ನಂಬುವ ಮಾತೇ? ಗುಂಡಯ್ಯ "ನೋಡಾಣ ಬುಡಿ" ಅಂದ. ಎಸ್ಟೇಟಿನ ರೈಟರೊಬ್ಬ ಬಿಟ್ಟುಹೋಗಿದ್ದ ಹಳೇ ಕಬ್ಬಿಣದ ಇಂಜಿನ್ನಿನ ಬೈಕು ಕರಿಯಪ್ಪನ ಬಳಿ ಇತ್ತು. ಅದರ ಪಕ್ಕಕ್ಕೆ ಗುಂಡಯ್ಯ ಒಂದು ಚಕ್ರ ಕಟ್ಟಿ, ಅದರ ಮೇಲೆ ತಗಡಿನ ಸೈಡ್‌ಕಾರು ಕೂರಿಸಿದ. ನೆಲಕ್ಕೆ ಹತ್ತಿರ, ಮಂಚದಿಂದ ಹಲಗೆ ಇಟ್ಟರೆ ಬೆಟ್ಟಮ್ಮ ತಾನೇ ಕೈಯೂರಿ ಜಾರಿ ಕೂರಬಹುದು. ಊರಿನವರು ಅದಕ್ಕೆ ಬೆಟ್ಟಕ್ಕನ ತೊಟ್ಟಿಲು ಅಂತ ಹೆಸರಿಟ್ಟರು. ಪ್ರತಿ ಶುಕ್ರವಾರ ತೊಟ್ಟಿಲು ಯಸಳೂರಿಗೆ ಇಳಿಯಿತು. ಗ್ಯಾರೇಜಿನ ಮುಂದೆ ನಿಂತು ಬಸ್ಸಿಳಿದವರನ್ನೆಲ್ಲ ತರಾಟೆಗೆ ತೆಗೆದುಕೊಂಡಿತು. ಅಯ್ಯಪ್ಪಾ, ಐದು ವರ್ಷದ ಮಾತು ಒಳಗೇ ಇತ್ತಲ್ಲ!

ತಾಪತ್ರಯ ಶುರುವಾದದ್ದು ವಾಪಸು ಹತ್ತುವಾಗ. ಆ ಇಂಜಿನ್ನಿಗೆ ನೀರಿಲ್ಲ ಗೀರಿಲ್ಲ, ತಣ್ಣಗಾಗುವುದು ಬರೀ ಗಾಳಿಗೆ. ಗಾಡಿ ಓಡಿದರೆ ಗಾಳಿ. ಇಬ್ಬರನ್ನೂ ತೊಟ್ಟಿಲನ್ನೂ ಎಳೆದುಕೊಂಡು ಫಸ್ಟ್ ಗೇರಿನಲ್ಲಿ, ನಡೆಯುವವನ ವೇಗಕ್ಕೆ ಹತ್ತುವಾಗ ಗಾಳಿ ಎಲ್ಲಿಂದ ಬರಬೇಕು? ಕಾದು ಕೆಂಡವಾಗುತ್ತಿತ್ತು. ಮೋರಿ ಹತ್ತಿರ ಒಮ್ಮೆ, ಹಲಸಿನ ಮರದ ಹತ್ತಿರ ಒಮ್ಮೆ, ಎಸ್ಟೇಟ್ ಗೇಟಿನ ಹತ್ತಿರ ಒಮ್ಮೆ, ಅರ್ಧರ್ಧ ಗಂಟೆ ನಿಲ್ಲಿಸಿ ಆರಿಸಬೇಕು. ಅಷ್ಟು ಹೊತ್ತು ಕೂತರೆ ಬೆಟ್ಟಮ್ಮನ ಬೆನ್ನು ಉರಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಎರಡು ವರ್ಷ ತಡೆದಳು. ಕೊನೆಗೆ ಒಂದು ಶುಕ್ರವಾರ ಗುಂಡಯ್ಯನಿಗೆ ಅಂದಳು:

"ಇನ್ಮೇಲೆ ಬರಾಕಿಲ್ಲ ಕಣ್ಲಾ ಗುಂಡ. ಬರೋದೇನೋ ಚಂದ, ಹೋಗೋದು ಆಗಾಕಿಲ್ಲ."

"ನೋಡಾಣ ಬುಡಕ್ಕ" ಅಂದ ಗುಂಡಯ್ಯ. ಇವಳು ಮತ್ತೆ ಆ ಕಿಟಕಿಗೆ ಹೋಗಿ ಮಲಗಿದರೆ ಮುಗೀತು, ಇನ್ನು ಏಳುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಸನದ ಗುಜರಿಯಲ್ಲಿ ಯಾವುದೋ ದೊಡ್ಡ ಬೈಕಿನಿಂದ ಬಿಚ್ಚಿದ ಆಯಿಲ್ ಕೂಲರು ಸಿಕ್ಕಿತು. ಎರಡು ಅಂಗೈ ಅಗಲದ ಸಣ್ಣ ರೇಡಿಯೇಟರು, ಕಾಗದದಂಥ ತಗಡಿನ ಪದರಗಳು. ಇಂಜಿನ್ನಿನ ಬಿಸಿ ಎಣ್ಣೆ ಒಂದು ಪೈಪಿನಲ್ಲಿ ಅದರೊಳಗೆ ಹೋಗಿ, ಗಾಳಿಗೆ ಆರಿ, ಇನ್ನೊಂದು ಪೈಪಿನಲ್ಲಿ ವಾಪಸು ಬರಬೇಕು. ಆ ಹಳೇ ಇಂಜಿನ್ನಿನಲ್ಲಿ ಎಣ್ಣೆಯನ್ನು ಎಲ್ಲಿಂದ ತೆಗೆಯುವುದು, ಎಲ್ಲಿಗೆ ಸೇರಿಸುವುದು ಅಂತ ಗುಂಡಯ್ಯ ಹನ್ನೊಂದು ದಿನ ಒದ್ದಾಡಿದ. ಬೋಲ್ಟು ಕೊರೆದ, ಪೈಪು ಬದಲಿಸಿದ, ಸೋರಿತು, ಮತ್ತೆ ಬಿಚ್ಚಿದ. ಕಡೆಗೆ ಮುಂಚಕ್ರದ ಹಿಂದೆ, ಇಂಜಿನ್ನಿನ ಎದೆಗೆ ಸರಿಯಾಗಿ ಕೂರಿಸಿ ಬಿಗಿದ. ಮುಂದಿನ ಶುಕ್ರವಾರ ತಾನೇ ಹಿಂದೆ ಹಿಂದೆ ಹೋದ. ಮೋರಿ ದಾಟಿತು. ಹಲಸಿನ ಮರ ದಾಟಿತು. ಎಸ್ಟೇಟ್ ಗೇಟೂ ದಾಟಿ ಸೀದಾ ಮನೆ ಅಂಗಳದಲ್ಲಿ ನಿಂತಿತು. ಕೈ ಹಿಂಬದಿಯಿಂದ ಮುಟ್ಟಿ ನೋಡಿದ. ಬಿಸಿಯಿತ್ತು, ಆದರೆ ತಡೆಯುವ ಬಿಸಿ. ಬೆಟ್ಟಮ್ಮ ತೊಟ್ಟಿಲಲ್ಲೇ ಕೂತು ಚಪ್ಪಾಳೆ ತಟ್ಟಿದಳು.

ಆ ಸಂಭ್ರಮದಲ್ಲಿ ಗುಂಡಯ್ಯ ಎರಡು ಮಾತು ಹೇಳಿದ. ಕರಿಯಪ್ಪನಿಗೆ, "ಇನ್ನು ಎಲ್ಲೂ ನಿಲ್ಲಿಸ್ಬ್ಯಾಡಿ ಕರಿಯಪ್ಪಣ್ಣ, ಒಂದೇ ಏಟಿಗೆ ಹತ್ಸಿ" ಅಂದ. ಬೆಟ್ಟಮ್ಮನಿಗೆ, "ಅಕ್ಕ, ಇದು ಭಾಳ ನಾಜೂಕು. ಮಗೀನಂಗೆ ನೋಡ್ಕಬೇಕು. ಕಲ್ಲು ಕೆಸರು ತಾಗಕೂಡದು" ಅಂದ. ಗಾಳಿ ಬೇಕು ಅನ್ನುವ ಮಾತನ್ನು ಹೇಳಲಿಲ್ಲ. ಅವನಿಗೆ ಅದು ಉಸಿರಾಡಿದಷ್ಟು ಸಹಜ, ಹೇಳಬೇಕು ಅಂತಲೇ ಹೊಳೆಯಲಿಲ್ಲ.

ಜೂನ್ ಬಂತು, ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದ ಮೇಲೆ ಹೊರಗೆ ಹೋಗುವ ಪ್ರತಿ ಜೀವಕ್ಕೂ ಒಂದು ಕೊಪ್ಪೆ ಬೇಕು. ಕಂಬಳಿಯನ್ನೋ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೋ ಮೂಲೆ ಮಡಿಸಿ ತಲೆಗೆ ಏರಿಸಿದರೆ ಆಯಿತು ಕೊಪ್ಪೆ. ಆಳು ಕೊಪ್ಪೆ ಇಲ್ಲದೆ ತೋಟಕ್ಕೆ ಇಳಿಯುವುದಿಲ್ಲ, ಕರು ಹಾಕಿದ ಹಸುವಿಗೂ ಬೆನ್ನ ಮೇಲೆ ಒಂದು ಹೊದಿಸುತ್ತಾರೆ. ಬೆಟ್ಟಮ್ಮ ಮಂಚದ ಮೇಲೆ ಕೂತು ಯೋಚನೆ ಮಾಡಿದಳು. ಮುಂಚಕ್ರ ಎರಚುವ ಕೆಸರೆಲ್ಲ ನೇರ ಆ ಮಗುವಿನ ಮುಖಕ್ಕೇ ಅಲ್ಲವೇ? ಹಳೇ ಕಂಬಳಿ ಕತ್ತರಿಸಿ, ಒಳಗೆ ಪ್ಲಾಸ್ಟಿಕ್ ಕೊಟ್ಟು, ನಾಲ್ಕು ದಾರ ಇಟ್ಟು, ಮೂರು ದಿನ ಕೂತು ಹೊಲಿದಳು. ಕೂಲರಿಗೂ ಇಂಜಿನ್ನಿನ ಎದೆಗೂ ಸೇರಿ ಮುಚ್ಚುವ ಹಾಗೆ ಅಚ್ಚುಕಟ್ಟು ಕೊಪ್ಪೆ. ಶುಕ್ರವಾರ ತೊಟ್ಟಿಲಿನಿಂದಲೇ ಬಾಗಿ, ಕರಿಯಪ್ಪನ ಕೈಯಲ್ಲಿ ಹಿಡಿಸಿ ಗಂಟು ತಾನೇ ಹಾಕಿದಳು. ಗುಂಡನಿಗೆ ತೋರಿಸಿ ಬೀಗಬೇಕು ಅಂತ ಅವಳ ಆಸೆ.

ಆ ಶುಕ್ರವಾರ ನೋಡಿ, ಗುಂಡಯ್ಯ ಗ್ಯಾರೇಜಿನಲ್ಲಿ ಇರಲಿಲ್ಲ. ಕುಂದೂರಿನಲ್ಲಿ ನೇತ್ರಾವತಿಯ ತಂಗಿ ಮನೆಯ ನಾಮಕರಣ. ವರ್ಷಕ್ಕೊಮ್ಮೆ ಬಾಗಿಲು ಹಾಕುವವನು ಅವತ್ತೇ ಹಾಕಬೇಕೇ? ಈಗಲೂ ಅದನ್ನೇ ಹೇಳಿ ಹಣೆ ಚಚ್ಚಿಕೊಳ್ಳುತ್ತಾನೆ.

ಮಧ್ಯಾಹ್ನ ವಾಪಸು ಬರುವಾಗ ಕರಿಯಪ್ಪನ ಫೋನು ಬಂತು. "ಗುಂಡಣ್ಣ, ಹಲಸಿನ ಮರದತ್ರ ನಿಂತೋಯ್ತು. ಕಿಕ್ಕರ್ ಒತ್ತಾಕೇ ಬತ್ತಿಲ್ಲ." ಹೆಂಡತಿಯನ್ನು ಯಸಳೂರಿನಲ್ಲಿ ಇಳಿಸಿ ಗುಂಡಯ್ಯ ಏರು ಹತ್ತಿದ. ಜಡಿಮಳೆ. ಬೆಟ್ಟಮ್ಮ ತೊಟ್ಟಿಲಲ್ಲಿ ತನ್ನ ಕೊಪ್ಪೆಯನ್ನು ಮುಖದವರೆಗೂ ಎಳೆದುಕೊಂಡು ಮುದುರಿ ಕೂತಿದ್ದಳು. ಇಂಜಿನ್ನಿನ ಕೆಳಗೆ ಕಪ್ಪು ಎಣ್ಣೆ ಮಳೆನೀರಿನ ಜೊತೆ ಇಳಿದು ಹೋಗುತ್ತಿತ್ತು. ಕಾದ ಇಂಜಿನ್ನು ತಿರುಗಲಾರದೆ ಬಿಗಿದು ನಿಂತು, ಒಳಗಿನ ರಾಡು ಮುರಿದು, ಇಂಜಿನ್ನಿನ ಹೊಟ್ಟೆ ಸೀಳಿ ಹೊರಗೆ ಬಂದಿತ್ತು. ಗುಂಡಯ್ಯ ಮಂಡಿಯೂರಿದ. ಮೂಗಿಗೆ ಎಣ್ಣೆಯ ಸುಟ್ಟ ವಾಸನೆ, ಅದರ ಜೊತೆ ಇನ್ನೊಂದು ವಾಸನೆ, ಉಣ್ಣೆ ಸುಟ್ಟದ್ದು. ಕೂಲರಿನ ಕ್ಲಾಂಪಿನಲ್ಲಿ ಒಂದು ತುಂಡು ದಾರ ಸಿಕ್ಕಿಕೊಂಡಿತ್ತು.

ತಲೆ ಎತ್ತಿ ನೋಡಿದ. ಕರಿಯಪ್ಪ ಹೊಟ್ಟೆ ಹಿಡಿದುಕೊಂಡು ನಿಂತಿದ್ದ. ಅಂಗಿಯೊಳಗಿನಿಂದ ಕಂಬಳಿಯ ಕರಕಲು ಅಂಚು ಇಣುಕುತ್ತಿತ್ತು. ಅವಳಿಗೆ ಹೇಳಬೇಡ ಅನ್ನುವಂತೆ ಕಣ್ಣಲ್ಲೇ ಬೇಡಿಕೊಂಡ. ಗುಂಡಯ್ಯನಿಗೆ ಎಲ್ಲ ಗೊತ್ತಾಯಿತು. ಅಷ್ಟರಲ್ಲಿ ತೊಟ್ಟಿಲಿನಿಂದ ದನಿ:

"ಲೋ ಗುಂಡ, ನಾ ಹೊಲ್ದಿದ್ ಕೊಪ್ಪೆ ಐತೇನ್ಲಾ ಅಲ್ಲಿ?"

"ಎಲ್ಲೋ ಕೆಳಗೆ ಬಿದ್ದೋಗೈತೆ ಕಣೆ" ಅಂದ ಕರಿಯಪ್ಪ, ಅವಳ ಮುಖ ನೋಡದೆ.

ಒಳ್ಳೆಯದಕ್ಕೇ ಹೇಳಿದ, ಪಾಪ. ಆದರೆ ಬೆಟ್ಟಮ್ಮ ಎದೆಗೆ ಕೈ ಒತ್ತಿಕೊಂಡಳು. "ಅಯ್ಯೋ, ಅದ್ಕೇ ಕಣೋ! ಕೊಪ್ಪೆ ಬಿದ್ದೋಗಿ ಕೆಸರೆಲ್ಲ ಒಳಕ್ಕೆ ಹೊಕ್ಬುಡ್ತು. ನನ್ ಗಂಟೇ ಸಡ್ಲ ಆಗಿತ್ತು ಅಂತ ಕಾಣ್ತದೆ. ನನ್ ಕೈಯಾರೆ ಕೆಡಿಸ್ಬುಟ್ನಲ್ಲೋ ಗುಂಡ!"

ಗುಂಡಯ್ಯ ಆ ದಾರದ ತುಂಡನ್ನು ಕಿತ್ತು ಮುಷ್ಟಿಯೊಳಗೆ ಹಿಡಿದುಕೊಂಡ. ನಿನ್ನ ಗಂಟಿನದೇನೂ ತಪ್ಪಿಲ್ಲ ಅನ್ನಬೇಕಾದರೆ ಕೊಪ್ಪೆಯೇ ಗಾಳಿ ಕಟ್ಟಿ ಕೊಂದಿತು ಅನ್ನಬೇಕು. ಅದನ್ನು ಹೇಗೆ ಹೇಳುತ್ತಾನೆ? ಮೂರು ದಿನ ಕೂತು ಹೊಲಿದವಳಿಗೆ? ಅಲ್ಲದೆ ಮಗುವಿನ ಹಾಗೆ ನೋಡ್ಕೋ ಅಂದವನು ಯಾರು, ಎಲ್ಲೂ ನಿಲ್ಲಿಸಬೇಡ ಅಂದವನು ಯಾರು?

"ನಿಂದಲ್ಲ ಕಣಕ್ಕ" ಅಂದ. "ನಂದೇ ತಪ್ಪು. ಪೈಪು ನಾನೇ ಸರಿಯಾಗಿ ಬಿಗ್ದಿರಲಿಲ್ಲ. ಎಣ್ಣೆ ಸೋರೋಗೈತೆ."

ಬೆಟ್ಟಮ್ಮ ಶುರುಮಾಡಿದಳು ನೋಡಿ. ಮೂವತ್ತು ವರ್ಷ ಏನು ಕಡಿದು ಕಟ್ಟೆ ಹಾಕಿದೆ, ನಿನ್ನ ಕೈಗೆ ಬೆಂಕಿ ಬೀಳ, ನಂಬಿದ್ದೆನಲ್ಲೋ ನಿನ್ನ. ಮಳೆಯಲ್ಲಿ ನೆನೆಯುತ್ತಾ ಗುಂಡಯ್ಯ ಅಷ್ಟನ್ನೂ ಕೇಳಿಸಿಕೊಂಡ. ಬೈಯಲಿ, ಬೈಯುವಷ್ಟು ಹೊತ್ತಾದರೂ ಅಳುವುದಿಲ್ಲವಲ್ಲ ಅಂದುಕೊಂಡ. ಎಸ್ಟೇಟಿನ ಕೂಲಿ ಲೈನಿನಿಂದ ನಾಲ್ಕು ಜನ ಆಳು ಬಂದು ಸತ್ತ ಗಾಡಿಯನ್ನು ತೊಟ್ಟಿಲ ಸಮೇತ ಮನೆವರೆಗೆ ತಳ್ಳಿದರು. ಗುಂಡಯ್ಯನೂ ಹೆಗಲು ಕೊಟ್ಟ.

ಆಮೇಲೆ ಅವನು ಅಲೆಯದ ಜಾಗವಿಲ್ಲ. ಹಾಸನದ ಗುಜರಿ, ಆಲೂರಿನ ಗುಜರಿ, ಮಂಗಳೂರಿಗೆ ಹೋಗಿ ಸೇರಿರುವ ಲಾನ್ಸಿ ಮೇಸ್ತ್ರಿಗೆ ದಿನಕ್ಕೊಂದು ಫೋನು. ಸೀಳಿದ ಹೊಟ್ಟೆಯ ಬದಲಿಗೆ ಹಾಕಲು ಆ ಕಾಲದ ಕೇಸಿಂಗು ಎಲ್ಲೂ ಇಲ್ಲ. ಈಗಿನ ಗಾಡಿಗಳ ಪಕ್ಕಕ್ಕೆ ಆ ತೊಟ್ಟಿಲು ಕಟ್ಟಿದರೆ ಆ ಏರಿನಲ್ಲಿ ಎಳೆಯುವುದಿಲ್ಲ. ಎರಡು ಗಾಡಿಯಲ್ಲಿ ಕಟ್ಟಿಯೂ ನೋಡಿದ, ಮೋರಿಯ ಹತ್ತಿರವೇ ಏದುಸಿರು ಬಿಟ್ಟವು. "ಬಿಟ್‌ಬುಡು ಮಾರಾಯ, ಅದು ಮುಗ್ದೋಯ್ತು" ಅಂದರು ಲಾನ್ಸಿ. ಇತ್ತ ಊರಲ್ಲಿ, ಗುಂಡಯ್ಯ ಒಂದು ಪೈಪು ಬಿಗಿಯಲಾರದೆ ಬೆಟ್ಟಕ್ಕನ ಗಾಡಿ ಕೊಂದನಂತೆ ಅಂತ ಮಾತಾಯಿತು. ನೇತ್ರಾವತಿ ಕೇಳಿದಾಗಲೂ ಹೌದು ಅಂದುಬಿಟ್ಟ.

ಆಗಸ್ಟಿನಲ್ಲಿ ಒಂದು ದಿನ ಏರು ಹತ್ತಿ ಹೋಗಿ ಅವಳ ಮಂಚದ ಪಕ್ಕ ಕೂತ. ಬೆಟ್ಟಮ್ಮ ಹೊಲಿಯುತ್ತಿದ್ದಳು. ಹೊಸ ಕೊಪ್ಪೆ, ಈ ಸಲ ಕಂಬಳಿ ಎರಡು ಪದರ.

"ಯಾವಾಗ ತತ್ತೀಯೋ ಗಾಡಿನ?" ಅಂದಳು. ಸಿಟ್ಟು ಇಳಿದಿತ್ತು.

ಗುಂಡಯ್ಯ ಬಾಯಿ ತೆರೆದ. ನೋಡಾಣ ಬುಡಕ್ಕ ಅನ್ನಬೇಕು ಅಂತ ಎಷ್ಟೋ ಪ್ರಯತ್ನ ಪಟ್ಟ. ಬರಲಿಲ್ಲ. "ಆಗಾಕಿಲ್ಲ ಕಣಕ್ಕ" ಅಂದ. ಹುಟ್ಟಿದಂದಿನಿಂದ ಆ ಮಾತು ಅವನ ಬಾಯಲ್ಲಿ ಬಂದದ್ದು ಅವತ್ತೇ ಮೊದಲು.

ಬೆಟ್ಟಮ್ಮ ಸೂಜಿ ನಿಲ್ಲಿಸಿದಳು. ಕಿಟಕಿಯಾಚೆ ಸೀಬೆ ಮರದ ಕಡೆ ನೋಡಿದಳು. ಆಮೇಲೆ ದಾರ ಹಲ್ಲಲ್ಲಿ ಕಡಿದು, ಕೊಪ್ಪೆ ಕೊಡವಿ ಅವನ ಮಡಿಲಿಗೆ ಹಾಕಿದಳು.

"ಹೋಗ್ಲಿ ಬುಡು. ನೀನು ಪೈಪು ಬಿಗೀಲಿಲ್ಲ, ನಾನು ಗಂಟು ಬಿಗೀಲಿಲ್ಲ. ಇಬ್ರದೂ ಐತೆ. ಒಬ್ನೇ ಯಾಕೆ ಕೊರಗ್ತೀಯ? ಇದ ನಿನ್ ಗಾಡಿಗೆ ಕಟ್ಕೋ. ನಿಂದಾದ್ರೂ ಉಳೀಲಿ."

"ಆಯ್ತಕ್ಕ."

"ಈಗ್ಲೇ ಕಟ್ಟು. ಇಲ್ಲಿಂದ ಕಾಣ್ತದೆ, ನಾ ನೋಡ್ತೀನಿ. ಬಿಗಿಯಾಗಿ."

ಗುಂಡಯ್ಯ ಮಳೆಯಲ್ಲಿ ಕೂತು ತನ್ನ ಬೈಕಿನ ಇಂಜಿನ್ನಿಗೆ ಕೊಪ್ಪೆ ಕಟ್ಟಿದ. ನಾಲ್ಕು ಗಂಟು, ನಾಲ್ಕೂ ಬಿಗಿ. ಅಂಗಳದ ಮೂಲೆಯಲ್ಲಿ ತೊಟ್ಟಿಲು ನೀರು ತುಂಬಿಕೊಂಡು ನಿಂತಿತ್ತು, ಅದರ ಕಡೆ ನೋಡಲಿಲ್ಲ. ಕಿಟಕಿಯಿಂದ ಕೈ ಬೀಸಿದವಳಿಗೆ ಕೈ ಬೀಸಿ ಹೊರಟ.

ತಿರುವು ದಾಟಿದ ಮೇಲೆ ಗಾಡಿ ನಿಲ್ಲಿಸಿದ. ಗಂಟು ಬಿಚ್ಚಲು ಹೋದ, ನೆನೆದ ದಾರ ಬಿಚ್ಚಲಿಲ್ಲ. ಕೆಸರಲ್ಲಿ ಮಂಡಿಯೂರಿ ಹಲ್ಲಲ್ಲಿ ಕಚ್ಚಿ ಎಳೆದ, ಒಂದೊಂದಾಗಿ. ಅಳುತ್ತಲೇ ಎಳೆದ. ನಾಲ್ಕನೆಯದೂ ಬಿಟ್ಟಮೇಲೆ ಕೊಪ್ಪೆಯನ್ನು ಮಡಿಸಿ, ಅವತ್ತು ಕರಿಯಪ್ಪ ಮಾಡಿದಂತೆಯೇ ಅಂಗಿಯೊಳಗೆ ತುರುಕಿಕೊಂಡ. ಇಂಜಿನ್ನಿನ ಬಿಸಿಗೆ ಅದು ಆಗಲೇ ಬೆಚ್ಚಗಾಗಿತ್ತು.