ಪಿಯಾನೋಗೆ ಅಂಜಲ್ ಬಡಿಸಿದ ಕಮಲೇಶಣ್ಣ

ಬೆಳಗಿನ ಜಾವ. ಮಂಗಳೂರಿನ ವೆಲೆನ್ಸಿಯಾದ ಹಳೆಯ ಹಂಚಿನ ಮನೆಯೊಂದರ ಹಾಲ್‌ನಲ್ಲಿ ಕಮಲೇಶ್ ಇದ್ದಾರೆ, ಆದರೆ ನನಗೆ ಕಾಣುತ್ತಿರುವುದು ಅವರ ಬೆನ್ನು ಮತ್ತು ಅದರಿಂದ ಕೆಳಗಿನ ಭಾಗ ಮಾತ್ರ. ತಲೆ, ಎರಡೂ ಕೈ ಮತ್ತು ಟಾರ್ಚು ಪಿಯಾನೋದ ಹೊಟ್ಟೆಯೊಳಗಿವೆ. ಸಿಟಿ ಬಸ್ಸುಗಳು ರಸ್ತೆಗಿಳಿಯುವ ಮೊದಲು ತಂತಿಗಳ ಶ್ರುತಿ ಕೂಡಿಸಿ ಮುಗಿಸಬೇಕು. ಬಸ್ಸು ಒಮ್ಮೆ ಹಾರ್ನ್ ಹೊಡೆದರೆ ದಿನವಿಡೀ ಕಿವಿಯಲ್ಲಿ ಅದೇ ಶ್ರುತಿ ಕೂತುಬಿಡುತ್ತದೆ ಎಂಬುದು ಅವರ ದೂರು. ಹೊರಗೊಂದು ಕಾಗೆ ಕೂಗುತ್ತದೆ. ಪಿಯಾನೋದೊಳಗಿನಿಂದ ಕಾಗೆಗೆ ತುಳುವಿನಲ್ಲಿ ಬೈಗುಳ ಹೋಗುತ್ತದೆ. ಕಾಗೆಗೂ ತುಳು ಬರುತ್ತದೆಂದು ಕಾಣುತ್ತದೆ, ಸುಮ್ಮನಾಗುತ್ತದೆ.

ಕಮಲೇಶ್ ಕುದ್ರೋಳಿಯವರು, ಮೀನುಗಾರರ ಮನೆತನ. ತಂದೆ ದೂಮಪ್ಪ ಕಡಲಿಗೆ ಹೆದರಿದವರಲ್ಲ. ಮಗನನ್ನು ದೋಣಿ ಹತ್ತಿಸಿದರೆ ಅಳಿವೆ ದಾಟುವ ಮೊದಲೇ ವಾಂತಿ. ಎಷ್ಟು ಸಲ ಕರೆದೊಯ್ದರೂ ಅದೇ ಕಥೆ. ಕೊನೆಗೆ ತಾಯಿ ಅಪ್ಪಿ, ತಾವು ದಿನಾ ಮೀನು ಕೊಡುತ್ತಿದ್ದ ಬೊನಿಫಾಸ್ ಮಾಸ್ತರರ ಮನೆಗೆ ಹುಡುಗನನ್ನು ಕೆಲಸಕ್ಕೆ ಬಿಟ್ಟರು. ಮಾಸ್ತರರು ಆ ಕಾಲದ ಮಂಗಳೂರಿನ ದೊಡ್ಡ ಪಿಯಾನೋ ವಾದಕರು. ಸ್ಟೂಲು ಎತ್ತಿಡುವುದರಿಂದ ಹಿಡಿದು ತಂತಿ ಬಿಗಿಯುವವರೆಗೆ ಎಲ್ಲವನ್ನೂ ಅವರೇ ಕಲಿಸಿದರು.

ಅಪ್ಪಿಯ ನಾಲಿಗೆಗೆ ಮಾತ್ರ ಪಿಯಾನೋ ಎಂಬ ಶಬ್ದ ಹತ್ತಲೇ ಇಲ್ಲ. ಮಗ ಏನು ಮಾಡುತ್ತಾನೆಂದು ಕೇಳಿದವರಿಗೆಲ್ಲ "ಪೇನ್" ಕೆಲಸ ಎಂದರು. ತುಳುವಿನಲ್ಲಿ ಪೇನ್ ಎಂದರೆ ಹೇನು. ದೊಡ್ಡ ಮನೆಗಳಲ್ಲಿ ಹೇನು ನೋಡಲಿಕ್ಕೂ ಆಳು ಇಡುತ್ತಾರೆಂದು ಅರ್ಧ ಕುದ್ರೋಳಿ ನಂಬಿತು. "ನಾನು ಹೆಣ್ಣು ನೋಡ್ಲಿಕ್ಕೆ ಹೋದ್ರೆ ಹುಡುಗಿ ತಲೆ ಮುಚ್ಚಿಕೊಂಡೇ ಹೊರಗೆ ಬಂದ್ಳು ಮಾರಾಯ್ರೆ," ಎನ್ನುತ್ತಾರೆ ಕಮಲೇಶ್. ಆ ಹುಡುಗಿಯೇ ಈಗ ಅವರ ಹೆಂಡತಿ.

ಹಳೆಯ ವಾದಕರ ಕಥೆ ಕೇಳಬೇಕಾದರೆ ಇವರನ್ನೇ ಕೇಳಬೇಕು. ಮಾಸ್ತರರಿಗೂ ಫಳ್ನೀರಿನ ಎಮಿಲಿಯಾನಾ ಮಿಸ್ಸಿಗೂ ಆಗಿಬರುತ್ತಿರಲಿಲ್ಲ. ಒಂದು ಮದುವೆಗೆ ಇಬ್ಬರನ್ನೂ ಕರೆದರಂತೆ. ಮೊದಲು ಕೂತ ಮಾಸ್ತರರು ಸ್ಟೂಲಿನಿಂದ ಏಳಲಿಲ್ಲ. ಮಿಸ್ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಬಲಗಡೆಯ ಸ್ವರದ ಮನೆಗಳನ್ನು, ಅಂದರೆ ಕೀಗಳನ್ನು, ವಶಪಡಿಸಿಕೊಂಡರು. ಇಬ್ಬರೂ ಬೇರೆ ಬೇರೆ ಹಾಡು ಬಾರಿಸಿದರು. ಬೀಗರು ಅದನ್ನು ಹೊಸ ಫ್ಯಾಷನ್ ಎಂದುಕೊಂಡು ಚಪ್ಪಾಳೆ ತಟ್ಟಿದರು. ಈಗ ಇಬ್ಬರೂ ಇಲ್ಲ. ಅವರು ಬಾರಿಸಿದ್ದನ್ನು ಯಾರೂ ರೆಕಾರ್ಡ್ ಮಾಡಿಡಲಿಲ್ಲ. ಪಿಯಾನೋಗಳ ಮೇಲೆ ಅವರವರ ಫೋಟೋ, ಫೋಟೋಕ್ಕೊಂದು ಪ್ಲಾಸ್ಟಿಕ್ ಹಾರ ಇದೆ. ನೆನೆದರೆ ಬೇಸರವಾಗುತ್ತದೆ.

ಈ ಮನೆಯಲ್ಲಿರುವ ಮಾಸ್ತರರ ಪಿಯಾನೋಗೂ ಕಳೆದ ವರ್ಷ ಗಂಡಾಂತರ ಬಂದಿತ್ತು. ಬಾರಿಸುವವರಿಲ್ಲದ ಈ ಪೆಟ್ಟಿಗೆ ಹಾಲ್‌ನಲ್ಲಿ ಯಾಕೆಂದು ಅವರ ಸೊಸೆ ಆಶಾಲತಾ ಅದನ್ನು ಸುರತ್ಕಲ್ಲಿನ ಒಂದು ಜ್ಯೂಸ್ ಅಂಗಡಿಗೆ ಕೊಡಲು ಒಪ್ಪಿಬಿಟ್ಟಿದ್ದರು. ಒಳಗಿನ ತಂತಿ ಕಿತ್ತು ಕೌಂಟರ್ ಮಾಡುವುದೆಂದು ಮಾತಾಗಿತ್ತು. ಕಮಲೇಶ್ ಬೇಡವೆಂದು ಎಷ್ಟು ಹೇಳಿದರೂ ನಡೆಯಲಿಲ್ಲ. ಕೊನೆಗೆ ಮಾಸ್ತರರಿಗೆ ಒಂದು ಅಗೆಲು ಬಡಿಸಲು ಮಾತ್ರ ಅನುಮತಿ ಕೇಳಿದರು.

ತೀರಿಕೊಂಡ ಹಿರಿಯರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ, ಹೊರಗೆ ನಿಂತು ಕಾಯುವುದೇ ಅಗೆಲು. ಮಾಸ್ತರರು ಕ್ರೈಸ್ತರು, ವರ್ಷಾವಧಿ ಪೂಜೆಯೇನೋ ಇಗರ್ಜಿಯಲ್ಲಿ ನಡೆಯುತ್ತಿತ್ತು. ಕಮಲೇಶರ ತಕರಾರು ಒಂದೇ: "ಅಲ್ಲಿ ಅವರಿಗೆ ಮೀನು ಯಾರು ಕೊಡ್ತಾರೆ?" ಪಿಯಾನೋದ ಮೇಲೆ ಬಾಳೆಲೆ ಹಾಸಿ, ಮಸಾಲೆ ಹಚ್ಚಿ ಕಾಯಿಸಿದ ಅಂಜಲ್ ಮೀನಿನ ತುಂಡುಗಳನ್ನಿಟ್ಟರು. ಊಟವಾದ ಮೇಲೆ ಬಾರಿಸುವ ಮನಸ್ಸಾದರೆ ಇರಲಿ ಎಂದು ಸ್ವರದ ಮನೆಗಳ ಮುಚ್ಚಳವನ್ನೂ ತೆರೆದಿಟ್ಟು, ಬಾಗಿಲೆಳೆದು ಜಗಲಿಯಲ್ಲಿ ನಿಂತರು.

ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಧಂ ಎಂದು ಎಡಗಡೆಯ ದಪ್ಪ ಸ್ವರ ಕೇಳಿತು. ಮತ್ತೊಂದು. ಆಮೇಲೆ ನಾಲ್ಕೈದು ಸ್ವರಗಳು ಸಾಲಾಗಿ ಮೇಲಕ್ಕೆ ಹತ್ತಿದವು. ಕಮಲೇಶ್ ಅಲ್ಲೇ ಕೈಮುಗಿದು ಅತ್ತರು. ಅಡುಗೆಮನೆಯಿಂದ ಓಡಿಬಂದ ಆಶಾಲತಾ ಶಿಲುಬೆಯ ಗುರುತು ಹಾಕಿಕೊಂಡು, ಮಾವನಿಗೆ ಕೊಂಕಣಿಯಲ್ಲಿ ಕ್ಷಮೆ ಕೇಳತೊಡಗಿದರು. ಧೈರ್ಯ ಮಾಡಿ ಬಾಗಿಲು ತೆರೆದರೆ ಮನೆಯ ಬೆಕ್ಕು, ಬಾಯಲ್ಲಿ ಅಂಜಲ್ ಕಚ್ಚಿಕೊಂಡು ಸ್ವರದ ಮನೆಯಿಂದ ಮನೆಗೆ ಕಾಲಿಡುತ್ತ ನಡೆಯುತ್ತಿತ್ತು. ಎಲೆ ಮಗುಚಿ, ಮಸಾಲೆ ಎಣ್ಣೆಯೆಲ್ಲ ಸಂದುಗಳೊಳಗೆ ಇಳಿದಿತ್ತು.

ಮರುದಿನ ಕೌಂಟರಿನ ಅಳತೆಗೆಂದು ಬೈಕಂಪಾಡಿಯ ವರ್ಕ್‌ಶಾಪಿನಿಂದ ಮುಖೇಶ್ ಬಂದರು. ಟೇಪು ಬಿಚ್ಚುವ ಮೊದಲೇ ಮೂಗು ಮುಚ್ಚಿಕೊಂಡು ಅಂಗಡಿಯವರಿಗೆ ಫೋನ್ ಮಾಡಿದರು. ಮೀನಿನ ವಾಸನೆಯ ಮೋಸಂಬಿ ಜ್ಯೂಸು ಯಾರಿಗೆ ಬೇಕು? ವ್ಯಾಪಾರ ಮುರಿಯಿತು. ಬೇಕೆಂದೇ ಮಾಡಿದಿರಾ ಎಂದು ಕೇಳಿದರೆ ಕಮಲೇಶ್ ಬೆಕ್ಕಿನ ಮೇಲೆ ಆಣೆ ಇಡುತ್ತಾರೆ.

ಎಣ್ಣೆ ತೆಗೆಯಲು ಕಮಲೇಶ್, ಆಶಾಲತಾ ಇಬ್ಬರೂ ಬಟ್ಟೆ ಹಿಡಿದು ಕೂತರು. ಒರೆಸಿದ ಸ್ವರದ ಮನೆಯೆಲ್ಲ ದನಿ ಕೊಟ್ಟಿತು. ಮಾಸ್ತರರು ಶಿಷ್ಯರನ್ನು ಬಿಟ್ಟು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ನಾನು ಈ ಮನೆಗೆ ಬಂದಲ್ಲಿಂದ ಒರೆಸಿದ್ದು ಮುಚ್ಚಳ ಮಾತ್ರ. ಒಳಗೆ ಇಷ್ಟು ಚಂದ ಉಂಟು ಅಂತ ಯಾರು ಹೇಳಿದ್ದಾರೆ?" ಎನ್ನುತ್ತಾರೆ ಆಶಾಲತಾ. ಮೊಮ್ಮಕ್ಕಳಿರುವ ಈ ವಯಸ್ಸಿನಲ್ಲಿ ಅವರೀಗ ಪಿಯಾನೋ ಕಲಿಯುತ್ತಿದ್ದಾರೆ.

ಬೆಳಕು ಹರಿಯುತ್ತದೆ. ಕಮಲೇಶ್ ತಲೆ ಹೊರತೆಗೆದು, "ಬಾಯಮ್ಮ, ಆಯ್ತು, ಬಾರಿಸಿ," ಎನ್ನುತ್ತಾರೆ. ಇಲ್ಲಿ ಕ್ರೈಸ್ತರ ಮನೆಯೊಡತಿಯನ್ನು ಬಾಯಮ್ಮ ಎಂದು ಕರೆಯುವುದೇ ರೂಢಿ. ಆಶಾಲತಾ ಸೀರೆಗೆ ಕೈ ಒರೆಸಿಕೊಂಡು ಬಂದು ಕೂರುತ್ತಾರೆ. ಹಾಡು ನಾಲ್ಕು ಹೆಜ್ಜೆ ನಡೆದು ಮುಗ್ಗರಿಸುತ್ತದೆ, ಎದ್ದು ಮತ್ತೆ ಮುಗ್ಗರಿಸುತ್ತದೆ. ಕಮಲೇಶರ ಮುಖ ಮಾತ್ರ ಅರಳುತ್ತ ಹೋಗುತ್ತದೆ. ಮಾಸ್ತರರ ಹಾಗೆ ಕೇಳುತ್ತದೆಯೇ ಎಂದು ನಾನು ಪಿಸುಗುಟ್ಟುತ್ತೇನೆ.

"ಛೆ, ಎಲ್ಲಿಯ ಮಾಸ್ತರ್. ತುಂಬ ತಪ್ತದೆ," ಎನ್ನುತ್ತಾರೆ ಅವರು. "ಆದ್ರೆ ಶ್ರುತಿ ಸರಿ ಇಲ್ಲದಿದ್ರೆ ತಪ್ಪು ಬಾರಿಸುವವರದ್ದೋ ಪಿಯಾನೋದ್ದೋ ಗೊತ್ತೇ ಆಗುವುದಿಲ್ಲ. ಈಗ ಕೇಳಿ. ತಪ್ಪೆಲ್ಲ ಬಾಯಮ್ಮನದ್ದೇ."