ಹೊಲಸು ನೀರಿನ ಮರುವಾಯಿ

ದಾದರಿನ ಮೀನು ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ಎರಡು ಪಾಲು ಮರುವಾಯಿಯನ್ನು, ಅಂದರೆ ತಿನ್ನುವ ಚಿಪ್ಪುಮೀನನ್ನು, ಒಂದರ ಬೆಲೆಗೆ ಚೀಲಕ್ಕೆ ಸುರಿಸಿಕೊಂಡಿದ್ದೆ. ಅಷ್ಟರಲ್ಲಿ ಕನ್ನಡಕದ ಹುಡುಗಿಯೊಬ್ಬಳು ಬಂದು, ಎಲ್ಲಕ್ಕಿಂತ ಹೊಲಸು ನೀರಿನ ಮರುವಾಯಿ ಯಾವುದೆಂದು ಮೀನು ಮಾರುವ ಮಾವಶಿಯನ್ನು ಮರಾಠಿಯಲ್ಲಿ ಕೇಳಿದಳು. ಮಾವಶಿ ನನ್ನ ಚೀಲ ತೋರಿಸಿದಳು.

"ಇದಕ್ಕೇನು ರೋಗ? ಬೆರಳಿಟ್ಟರೆ ಟಪ್ಪನೆ ಬಾಯಿ ಮುಚ್ಚುತ್ತದೆ, ಜೀವಂತ ಇದೆ!" ಎಂದು ಕನ್ನಡದಲ್ಲೇ ಗೊಣಗಿದೆ.

ಹುಡುಗಿ ಕನ್ನಡದಲ್ಲೇ ಮಾತು ಹಿಡಿದಳು: "ಅಂಕಲ್, ಅದೇ ತೋ ನನ್ನ ರಿಸರ್ಚ್! ಗಟಾರದ ನೀರಲ್ಲೂ ಇದು ಸಾಯಲ್ಲ. ವಿಷ ಅರಗಿಸೋ ಎನ್‌ಜೈಮಿನ ಜೀನ್ ಇದೆ, ರೋಗ ತಡೆಯೋ ಶಕ್ತೀನೂ ಇದೆ. ಆದ್ರೆ ಎಲ್ಲಾ ವಿಷ ಹೋಗಲ್ಲ, ಮಾಂಸದಲ್ಲಿ ಉಳೀತದೆ. ಅದಕ್ಕೆ ಚಲ್ತಾ ಹೈ, ನಮಗೆ ನಹೀ."

ಮುಲುಂಡಿನ ಮನೆಯಲ್ಲಿ ಏಳು ತಿಂಗಳ ಬಸುರಿ ಮಗಳು ಮರುವಾಯಿ ಪುಂಡಿ, ಅಂದರೆ ಚಿಪ್ಪಿನ ಸಾರಿಗೆ ಹಾಕಿದ ಅಕ್ಕಿ ಉಂಡೆ, ಬೇಕೆಂದು ಹಟ ಹಿಡಿದು ಕೂತಿದ್ದಳು. ವಾಪಸ್ ತೆಗೆದುಕೋ ಎಂದರೆ ಮಾವಶಿ, "ಅರ್ಧಾ ಘಂಟಾ ಮೇರಾ ದಿಮಾಗ್ ಖಾಯಾ, ಅಬ್ ಯೇ ಭೀ ಖಾ!" ಎಂದಳು, ಅರ್ಧ ಗಂಟೆ ತನ್ನ ತಲೆ ತಿಂದವನು ಇನ್ನು ಇದನ್ನೂ ತಿನ್ನಲಿ ಎಂದು. ಚೀಲವನ್ನು ಹುಡುಗಿಯ ರಿಸರ್ಚ್ ಡಬ್ಬಿಗೆ ಬಗ್ಗಿಸಿ, ಕೋಳಿ ಕೊಂಡು ಮನೆಗೆ ಹೋದೆ. ಕೋಳಿಸಾರಿಗೆ ಬಿದ್ದ ಪುಂಡಿ ಕಂಡು ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಬಾಯಿ ಮುಚ್ಚುವ ಚಿಪ್ಪನ್ನು ಕಣ್ಮುಚ್ಚಿ ಕೊಳ್ಳಿ ಎಂದು ನಮ್ಮ ಬಿಲ್ಡಿಂಗಿನವರಿಗೆಲ್ಲ ವರ್ಷಗಟ್ಟಲೆ ಉಪದೇಶ ಮಾಡಿದವನು ನಾನು. ಈಗ ಮನೆಮನೆ ಬಾಗಿಲು ತಟ್ಟಿ ಅದನ್ನು ತಿದ್ದುತ್ತಿದ್ದೇನೆ. ನೀವೂ ದರಕ್ಕೆ ಮೊದಲು ಯಾವ ನೀರಿನದ್ದೆಂದು ಕೇಳಿ. ಅರ್ಧ ಬೆಲೆಗೆ ಕೊಟ್ಟರೆ ಎರಡು ಸಲ ಕೇಳಿ.